ಸೋಮವಾರದ ಸೈಕಲ್

ಮೂವತ್ತೈದು ವರ್ಷದಲ್ಲಿ ಆರು ಸೈಕಲ್ ಕೊಂಡಿದ್ದೇನೆ. ನಾಲ್ಕು ಪೂರಾ ತಪ್ಪು, ಒಂದು ಅರ್ಧ ತಪ್ಪು. ಸರಿಹೋದದ್ದು ಒಂದೇ, ಅದನ್ನು ಆರಿಸಿದವನು ನಾನಲ್ಲ. ಇಷ್ಟಾದರೂ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕಟ್ಟೆಯ ಮೇಲೆ ಕೂತು, "ಸರ, ಹುಡುಗಗ ಒಂದ ಸಾಯಕಲ್ ತಗೋಬೇಕಂತ ಮಾಡೀನ್ರಿ. ಯಾವುದು ಛಲೋ?" ಎಂದು ಕೇಳುತ್ತಾರೆ. ಮಾಸ್ತರಿಕೆ ಮಾಡಿದವನಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಅವರಿಗೆ ಹೇಳುವುದಕ್ಕೆ ನನ್ನ ಹತ್ತಿರ ಇರುವುದು ಹೋದ ದುಡ್ಡಿನ ಲೆಕ್ಕ ಮಾತ್ರ. ಅದನ್ನೇ ಇಲ್ಲಿ ಬರೆದಿದ್ದೇನೆ.

ನನ್ನೂರು ಬೀಡಿ. ಸೇದುವ ಬೀಡಿಗೂ ನಮಗೂ ಸಂಬಂಧವಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ನಂದಗಡ ದಾಟಿ ಪೂರ್ವಕ್ಕೆ ಬಂದರೆ ಸಿಗುವ ಊರು. 1872ರ ಜನಗಣತಿಯ ಹೊತ್ತಿಗೆ ತಾಲೂಕೇ ಬೀಡಿ ಹೆಸರಿನಲ್ಲಿತ್ತು. ಈಗ ತಹಶೀಲದಾರ ಕಚೇರಿ ಕೆಲಸಕ್ಕೆ ನಾವೇ ಖಾನಾಪುರಕ್ಕೆ ಹೋಗಬೇಕು. ಹೋಗಿ ಬಂದರೆ ನಲವತ್ತು ಕಿಲೋಮೀಟರ್ ಆಸುಪಾಸು. ಪಶ್ಚಿಮಕ್ಕೆ ಹೋದಷ್ಟೂ ಕೆಮ್ಮಣ್ಣು, ಕಾಡು, ಮಳೆ. ಕಿತ್ತೂರಿನ ಕಡೆಗೆ ಹೊರಳಿದರೆ ಎರೆ ಹೊಲ, ಬಯಲು ಗಾಳಿ. ನಡುವೆ ಡಾಂಬರು, ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು. ಎಲ್ಲಕ್ಕೂ ಒಗ್ಗುವ ಒಂದು ಸೈಕಲ್ ಇರಬೇಕು ಅಂತ ಹುಡುಕಿದ್ದೇ ನನ್ನ ಮೊದಲ ದಡ್ಡತನ.

1. ಅಪ್ಪನ ಅಳತೆ ಮಗನಿಗೆ ಬರಬೇಕೆಂದೇನಿಲ್ಲ

ಅಪ್ಪನದು ಕರಿಯ ಸೈಕಲ್, 24 ಇಂಚಿನ ಫ್ರೇಮು. ಅದರ ದಂಡದ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದೇ ನಾನು ಕಲಿತದ್ದು. 1989ರಲ್ಲಿ ಹೈಸ್ಕೂಲ್ ನೌಕರಿ ಸಿಕ್ಕಿತು. ಮೂರು ತಿಂಗಳ ಪಗಾರದಲ್ಲಿ ಉಳಿಸಿದ್ದನ್ನು ತೆಗೆದುಕೊಂಡು ಬೆಳಗಾವಿಯ ಒಂದು ಅಂಗಡಿಗೆ ಹೋದೆ. ಅಂಗಡಿಯವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗ ಬಾವೀಸ್ ಸಾಕ್ರಿ" ಅಂದ. ಐದಡಿ ನಾಲ್ಕು ಇಂಚಿನ ಮನುಷ್ಯನಿಗೆ ಅದು ಅವಮಾನದ ಮಾತಿನ ಹಾಗೆ ಕೇಳಿಸಿತು. ಅಪ್ಪನದು 24, ಮಾಸ್ತರ ಆದ ಮಗನದು 22 ಅಂದರೆ ಹೇಗೆ? 24ನ್ನೇ ತಂದೆ.

ಗಾಲಿ ಎರಡಕ್ಕೂ 28 ಇಂಚೇ. 22, 24 ಅನ್ನುವುದು ಸೀಟಿನ ಕೆಳಗಿನ ಕೊಳವೆಯ ಉದ್ದ. ಇಷ್ಟನ್ನೂ ನಾನು ಕೇಳಿಕೊಂಡಿರಲಿಲ್ಲ. ಸೀಟನ್ನು ಪೂರಾ ಇಳಿಸಿದರೂ ಪೆಡಲ್ ಕೆಳಗೆ ಹೋದಾಗೊಮ್ಮೆ ಸೊಂಟ ಆ ಕಡೆ, ಮೇಲೆ ಬಂದಾಗೊಮ್ಮೆ ಈ ಕಡೆ. ಹಿಂದಿನಿಂದ ನೋಡಿದವರಿಗೆ ಕುಣಿಯುತ್ತ ಹೋಗುತ್ತಿದ್ದಾನೆ ಅನಿಸಬೇಕು. ಹತ್ತುವುದಕ್ಕೆ, ಇಳಿಯುವುದಕ್ಕೆ ಕಟ್ಟೆ ಹುಡುಕುತ್ತಿದ್ದೆ.

ಒಂದು ಬೇಸಿಗೆ ಅವ್ವ ಖಾನಾಪುರದಿಂದ ನೀರಿನ ಗಡಿಗೆ ತರಲು ಹೇಳಿದಳು. ಖಾನಾಪುರದ ಮಣ್ಣಿಗೆ, ಅಲ್ಲಿನ ಕುಂಬಾರಿಕೆಗೆ ನಮ್ಮ ಸೀಮೆಯಲ್ಲಿ ಹೆಸರು. ಎರಡು ಗಡಿಗೆ ಕೊಂಡು ಹುಲ್ಲು ಸುತ್ತಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರಿಗೆ ಬಿಗಿದು ಹೊರಟೆ. ನಂದಗಡದ ಸಂತೆಯ ಗದ್ದಲದಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಬ್ರೇಕ್ ಹಿಡಿದೆ, ಕಾಲು ಚಾಚಿದೆ. ನೆಲ ಸಿಗಲಿಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರು ಅದು. ಅಂಥ ಊರಿನ ನಡುಬೀದಿಯಲ್ಲಿ ಮಾಸ್ತರ ಮಾಡಿದ ಪರಾಕ್ರಮಕ್ಕೆ ಮೆಣಸಿನಕಾಯಿ ಮಾರುವ ಮುದುಕಿಯರು ನಕ್ಕರು. ಮನೆಗೆ ಬರೀ ಹುಲ್ಲು ತಂದೆ. "ಸಾಯಕಲ್ ತಗೊಂಡೀಯೋ, ಕುದುರಿ ತಗೊಂಡೀಯೋ?" ಎಂದಳು ಅವ್ವ.

ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದೇ. ಸೀಟಿನಿಂದ ಮುಂದಕ್ಕೆ ಇಳಿದು ದಂಡದ ಆ ಕಡೆ ಈ ಕಡೆ ಕಾಲಿಟ್ಟು ನಿಲ್ಲಿ. ಎರಡೂ ಪಾದ ಪೂರಾ ನೆಲಕ್ಕೆ ಊರಿದಾಗ ದಂಡಕ್ಕೂ ನಿಮಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು. ಕಚ್ಚಾ ದಾರಿಯಲ್ಲಿ ಓಡಾಡುವವರಿಗೆ ನಾಲ್ಕು ಬೆರಳು ಇದ್ದರೆ ಒಳ್ಳೆಯದು. ಇದನ್ನು ನೋಡಿದ ಮೇಲೆಯೇ ಬಣ್ಣ, ಗೇರು, ರೊಕ್ಕದ ಮಾತು.

2. ರವಿವಾರಕ್ಕೆ ಕೊಂಡ ಸೈಕಲ್ ಸೋಮವಾರ ಭಾರ

1998ರ ಹೊತ್ತಿಗೆ ಸಂತೆಯಲ್ಲೆಲ್ಲ ದಪ್ಪ ಟಾಯರಿನ ರೇಂಜರ್ ಸೈಕಲ್‌ಗಳ ಮೋಹ. ನನ್ನ ತಲೆಯಲ್ಲೂ ಒಂದು ಚಿತ್ರ ಕೂತಿತ್ತು: ರವಿವಾರ ಬೆಳಕು ಹರಿಯುವ ಮೊದಲೇ ಹೊರಟು ಜಾಂಬೋಟಿ ಕಾಡಿನ ದಾರಿಯಲ್ಲಿ ಕಣಕುಂಬಿಗೆ ಹೋಗಿ, ಮಲಪ್ರಭೆ ಹುಟ್ಟುವ ಜಾಗದಲ್ಲಿ ಬುತ್ತಿ ಬಿಚ್ಚಿ ಕೂತ ನಾನು. ಆ ಚಿತ್ರಕ್ಕೆಂದೇ ಮುಂದೊಂದು, ನಡುವೊಂದು ಸ್ಪ್ರಿಂಗ್ ಇದ್ದ ಸೈಕಲ್ ತಂದೆ. ಹದಿಮೂರು ವರ್ಷ ಇಟ್ಟುಕೊಂಡಿದ್ದೆ. ಕಣಕುಂಬಿಗೆ ಹೋದದ್ದು ಒಂದು ಸಲ, ಅದೂ ವಾಪಸು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ.

ಉಳಿದ ದಿನವೆಲ್ಲ ಮನೆಯಿಂದ ಶಾಲೆಗೆ ಒಂಬತ್ತು ಕಿಲೋಮೀಟರ್, ಚೊಕ್ಕ ಡಾಂಬರು. ಒಮ್ಮೆ ಅಡತಿ ಅಂಗಡಿಯ ಕಾಟಾದ ಮೇಲಿಟ್ಟೆ. 19 ಕಿಲೋ ತೂಗಿತು. ತುಳಿದಾಗಲೆಲ್ಲ ನಡುವಿನ ಸ್ಪ್ರಿಂಗ್ ಕುಗ್ಗಿ ಏಳುತ್ತಿತ್ತು. ರೂಪಾಯಿಯಷ್ಟು ತುಳಿದರೆ ನಾಲ್ಕಾಣೆ ಅದು ತಿನ್ನುತ್ತಿತ್ತು. ಟಾಯರಿನ ಗುಬ್ಬಿಗಳು ಡಾಂಬರಿನ ಮೇಲೆ ಗುಂಯ್ ಅನ್ನುತ್ತಿದ್ದವು. ಆ ಸಪ್ಪಳ ಒಂದು ಫರ್ಲಾಂಗ್ ದೂರಕ್ಕೇ ಕೇಳಿಸಿ, ನಾನು ಗೇಟು ಸೇರುವಷ್ಟರಲ್ಲಿ ತರಗತಿ ಚಿತ್ರದಂತೆ ಕೂತಿರುತ್ತಿತ್ತು. ನನ್ನ ಶಿಸ್ತಿಗೆ ಹೆಸರು ಬಂದದ್ದು ಹಾಗೆ.

ಸೈಕಲ್ ತಂದು ಎಷ್ಟೋ ವರ್ಷವಾದ ಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಒಂದು ವಾರ ಹಾಜರಿ ಪುಸ್ತಕದ ಹಾಗೆ ಬರೆದಿಟ್ಟೆ: ಎಲ್ಲಿಗೆ, ಎಷ್ಟು ದೂರ, ಎಂಥ ದಾರಿ, ಏನು ಹೊರೆ. ಡಾಂಬರು 108 ಕಿಲೋಮೀಟರ್. ಹೊಲದ ಮಣ್ಣುದಾರಿ 4. ಹೊರೆ ಅಂದರೆ ಪರೀಕ್ಷೆಯ ಪೇಪರ್ ಕಟ್ಟು, ಹಾಲಿನ ಕ್ಯಾನು, ಸಂತೆಯ ಚೀಲ. ಕಾಡು, ಕಲ್ಲು, ಬುತ್ತಿ ಯಾವ ಸಾಲಿನಲ್ಲೂ ಇಲ್ಲ. ಈ ಹಾಳೆ ಅಂಗಡಿಯವನ ಕೈಗೆ ಕೊಟ್ಟಿದ್ದರೆ ಅವನೇ ಬೇರೆ ಸೈಕಲ್ ತೋರಿಸುತ್ತಿದ್ದ. ಡಾಂಬರೇ ಹೆಚ್ಚಾಗಿ, ನಡುನಡುವೆ ತಗ್ಗುದಿಣ್ಣೆ ಇದ್ದರೆ ತೆಳ್ಳಗಿನ ದೊಡ್ಡ ಗಾಲಿಯ, ನೇರ ಹ್ಯಾಂಡಲಿನ ಹೈಬ್ರಿಡ್ ಸಾಕು. ಗೊಬ್ಬರದ ಚೀಲ, ಮೇವು ಹೊರುವುದಿದ್ದರೆ ಇವತ್ತಿಗೂ ಕರಿಯ ಸೈಕಲ್ಲಿಗೆ ಸರಿಸಾಟಿ ಇಲ್ಲ. ದಿನಾಲೂ ಕಲ್ಲು ಕೊರಕಲಿನ ದಾರಿಯೇ ಗತಿ ಅನ್ನುವವರಿಗೆ ದಪ್ಪ ಟಾಯರು, ಮುಂದಿನ ಸ್ಪ್ರಿಂಗ್ ಬೇಕು. ನಡುವಿನ ಸ್ಪ್ರಿಂಗು, ಅದರಲ್ಲೂ ಅಗ್ಗದ್ದು, ಯಾರಿಗೆ ಬೇಕೋ ನನಗಿನ್ನೂ ತಿಳಿದಿಲ್ಲ.

3. ಸಹಿ ಹಾಕಿಸಿಕೊಂಡೆ, ನಟ್ಟು ತಿರುಗಿಸಲಿಲ್ಲ

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ನಮ್ಮ ಶಾಲೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು, ಮಾಸ್ತರರಲ್ಲಿ ಸೈಕಲ್ ಹುಚ್ಚಿನವನು ನಾನೊಬ್ಬನೇ ಎಂಬ ಕಾರಣಕ್ಕೆ. ಅಂಗಳದಲ್ಲಿ ಹೊಸ ಸೈಕಲ್ ಸಾಲಾಗಿ ನಿಂತದ್ದನ್ನು ನೋಡಿ ಮಕ್ಕಳಿಗಿಂತ ನನಗೇ ಹೆಚ್ಚು ಸಂಭ್ರಮವಾಗಿತ್ತು. ಹುಡುಗರದ್ದೊಂದು ನಮೂನೆ, ಹುಡುಗಿಯರದ್ದೊಂದು. ರಜಿಸ್ಟರಿನಲ್ಲಿ ಒಂದು ಸಹಿ ತಪ್ಪದ ಹಾಗೆ ಹಂಚಿದೆ. ಎಂಟನೆಯ ತರಗತಿಯಲ್ಲಿ ನಾಲ್ಕಡಿಯ ಮಗುವೂ ಇರುತ್ತದೆ, ಮೀಸೆ ಮೂಡಿದ ಹುಡುಗನೂ ಇರುತ್ತಾನೆ. ಸೀಟಿನ ನಟ್ಟನ್ನು ಮಾತ್ರ ನಾನು ಮುಟ್ಟಲಿಲ್ಲ.

ಎರಡು ತಿಂಗಳಾದ ಮೇಲೆ ಒಬ್ಬ ಹುಡುಗಿ ಮತ್ತೆ ನಡೆದುಕೊಂಡು ಬರತೊಡಗಿದಳು. ಕೇಳಿದರೆ ಮೊಣಕಾಲು ನೋವು ಎಂದಳು. ಮನೆಗೆ ಹೋಗಿ ನೋಡಿದೆ. ಮಗಳು ಬೀಳಬಾರದೆಂದು ಅಪ್ಪ ಸೀಟನ್ನು ತಳಕ್ಕೆ ಇಳಿಸಿದ್ದ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುತ್ತಿದ್ದವು. ತುಳಿಯುವಾಗ ಮೊಣಕಾಲು ಎದೆಯ ಹತ್ತಿರ ಬರುತ್ತಿತ್ತು. ಅವನ ಅಂಜಿಕೆ ತಪ್ಪಲ್ಲ. ಪಾದ ಪೂರಾ ಊರಬೇಕಾದದ್ದು ಸೀಟಿನಿಂದ ಇಳಿದು ನಿಂತಾಗ, ಮೇಲೆ ಕೂತಾಗ ಅಲ್ಲ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಬೇಕಾದವನು ನಾನು. ಕೂತು, ಪೆಡಲನ್ನು ಪೂರಾ ಕೆಳಗೆ ಬಿಟ್ಟು, ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಒಂಚೂರೇ ಮಡಚಿರುತ್ತದೆ. ಅವಳ ಸೀಟನ್ನು ಒಮ್ಮೆಲೇ ಏರಿಸದೆ ವಾರಕ್ಕೆ ಅರ್ಧ ಇಂಚಿನಂತೆ ಏರಿಸಿದೆವು. ಮುಂದಿನ ವರ್ಷದಿಂದ ಶಾಲೆ ಶುರುವಾದ ಮೊದಲ ಶನಿವಾರ ಪಾನಾ ಹಿಡಿದು ಅಂಗಳದಲ್ಲಿ ಕೂರುವ ರೂಢಿ ಮಾಡಿಕೊಂಡೆ. ಆ ವಯಸ್ಸಿನ ಮಕ್ಕಳು ಮಳೆಗಾಲದ ಹುಲ್ಲಿನ ಹಾಗೆ ಬೆಳೆಯುತ್ತಾರೆ. ಜೂನ್‌ನಲ್ಲಿ ಸರಿಯಿದ್ದ ಸೀಟು ಜನವರಿಗೆ ಗಿಡ್ಡ.

ಇನ್ನೊಂದು ಸಂಗತಿಯನ್ನೂ ಆ ಸೈಕಲ್‌ಗಳೇ ತೋರಿಸಿದವು. ಮಗುವಿಗೆ ಬಂದ ಸೈಕಲ್ ಮನೆಯ ಸೈಕಲ್. ಮುಂಜಾನೆ ಅಪ್ಪನ ಹಾಲಿನ ಕ್ಯಾನು, ಹತ್ತಕ್ಕೆ ಶಾಲೆ, ಸಂಜೆ ಅಣ್ಣನ ಹಿಟ್ಟಿನ ಗಿರಣಿ. ನಮ್ಮ ಕಡೆ ಒಬ್ಬರಿಗಾಗಿ ಸೈಕಲ್ ಆರಿಸುವುದು ಅನ್ನುವುದೇ ಅಪರೂಪ. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಕೆಲವು ಸೈಕಲ್ ಇನ್ನೂ ಹೊಲದ ದಾರಿಯಲ್ಲಿ ಮೇವು ಹೊರುತ್ತಿರುವುದನ್ನು ನೋಡುತ್ತೇನೆ.

4. ಟಾಯರಿನ ಮೇಲಿನ ಸಣ್ಣ ಅಕ್ಷರ ಓದಿ

2011ರಲ್ಲಿ ಬೆಳಗಾವಿಗೆ ವರ್ಗವಾಯಿತು. ಟಿಳಕವಾಡಿಯಲ್ಲಿ ಬಾಡಿಗೆ ಮನೆ. ಮರುವರ್ಷ, ವಾರದ ಲೆಕ್ಕ ಬರೆದೇ, ಹೈಬ್ರಿಡ್ ಕೊಂಡೆ. ಊರೊಳಗೆ ಬೆಣ್ಣೆಯ ಹಾಗೆ ಓಡಿತು. ಈ ಸಲ ಗೆದ್ದೆ ಅಂದುಕೊಂಡೆ. ಆ ಉಮೇದಿನಲ್ಲೇ ದಸರಾ ರಜೆಗೆ ಬೀಡಿಗೆ ಅದರ ಮೇಲೆಯೇ ಹೊರಟೆ. ಪೀರನವಾಡಿ, ಮಚ್ಛೆ, ಖಾನಾಪುರ, ನಂದಗಡ. ನಂದಗಡ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಗಾಲಿ ಕೂತಿತು. ಜಾಲಿಮುಳ್ಳು.

ದಾರಿಯಲ್ಲಿ ಹುಣಸೆಮರದ ಕೆಳಗೊಂದು ಪಂಕ್ಚರ್ ಅಂಗಡಿ. ಅಂಗಡಿ ಅಂದರೆ ಒಂದು ತಗಡು, ಒಂದು ನೀರಿನ ಬುಟ್ಟಿ, ಒಂದು ಪಂಪು. ಅಜ್ಜ ಟಾಯರು ಬಿಚ್ಚಿ ಮುಳ್ಳು ತೆಗೆದು ತೇಪೆ ಹಚ್ಚಿದ. ಗಾಳಿ ಹಾಕಲು ಹೋದರೆ ವಾಲ್ವು ಅವನ ಪಂಪಿಗೆ ಹೊಂದಲಿಲ್ಲ. ಅವನ ಪಂಪು ಕರಿಯ ಸೈಕಲ್ಲಿನ, ರಬ್ಬರ್ ವಾಲ್‌ಟ್ಯೂಬ್ ಹಾಕುವ ವಾಲ್ವಿನದ್ದು. ನನ್ನದು ಪೆನ್ಸಿಲ್‌ನಂತೆ ಸಣಕಲು, ತುದಿಯಲ್ಲಿ ತಿರುಗಿಸುವ ಪುಟ್ಟ ನಟ್ಟು ಇರುವ ಪ್ರೆಸ್ಟಾ. ಹಾಗಾದರೆ ಬೇರೆ ಟ್ಯೂಬು ಹಾಕೋಣ ಎಂದು ತನ್ನಲ್ಲಿದ್ದ 28ರ ಹೊಸ ಟ್ಯೂಬು ತೆಗೆದ. ಅದರ ವಾಲ್ವು ನನ್ನ ರಿಮ್ಮಿನ ತೂತಿನಲ್ಲಿ ಹೋಗಲೊಲ್ಲದು. ಪ್ರೆಸ್ಟಾ ಸಣ್ಣದು, ತೂತೂ ಸಣ್ಣದು. ಅಷ್ಟರಲ್ಲಿ ಟಾಯರಿನ ಮಗ್ಗುಲೂ ಸೀಳಿರುವುದು ಕಂಡಿತು. ಅವನ ಹತ್ತಿರವಿದ್ದ 28ರ ಟಾಯರನ್ನು ಹಿಡಿದು ನೋಡಿದರೆ ನನ್ನ ರಿಮ್ಮಿನ ಸುತ್ತ ಬಳೆಯ ಹಾಗೆ ಸಡಿಲ. "ಸಾಯಕಲ್ ಛಲೋ ಐತ್ರಿ ಸರ. ಆದ್ರ ಇದು ನಮ್ಮ ಊರಿನದಲ್ಲ," ಎಂದು ಅಜ್ಜ ಬೀಡಿ ಹಚ್ಚಿದ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬೀಡಿಯವರೆಗೆ ನೂಕಿಕೊಂಡು ಹೋದೆ. ದಾರಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳೆಲ್ಲ ನಿಂತು ನಮಸ್ಕಾರ ಮಾಡಿದರು, ಅದೊಂದು ಬೇರೆ ಕಷ್ಟ.

ಆಮೇಲೆ ಕಲಿತದ್ದು ಇದು. ಇಂಚಿನ ಲೆಕ್ಕ ನಂಬುವ ಹಾಗಿಲ್ಲ. ಟಾಯರಿನ ಮಗ್ಗುಲಲ್ಲಿ 37-622 ಎಂಬಂತೆ ಸಣ್ಣ ಅಂಕಿ ಒತ್ತಿರುತ್ತಾರೆ. ಮೊದಲನೆಯದು ಟಾಯರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟಾಯರು ಕೂರುವ ಜಾಗದ ಅಡ್ಡಳತೆ, ಎರಡೂ ಮಿಲಿಮೀಟರಿನಲ್ಲಿ. ಹೈಬ್ರಿಡ್‌ನ 700ಸಿ ಗಾಲಿಗೆ 622. ಕರಿಯ ಸೈಕಲ್ಲಿನ 28 × 1½ಕ್ಕೆ 635. ಕಣ್ಣಿಗೆ ಎರಡೂ ಒಂದೇ. ನಡುವೆ 13 ಮಿಲಿಮೀಟರ್ ವ್ಯತ್ಯಾಸ. 26ರಲ್ಲೂ ಇದೇ ಮೋಸ: ರೇಂಜರಿನ ದಪ್ಪ 26 ಅಂದರೆ 559, ಹೆಣ್ಣುಮಕ್ಕಳ ಸೈಕಲ್ಲಿನ 26 × 1⅜ ಅಂದರೆ 590. ಒಂದರ ಟಾಯರು ಇನ್ನೊಂದಕ್ಕೆ ಜನ್ಮದಲ್ಲಿ ಕೂರುವುದಿಲ್ಲ.

ಬೆಳಗಾವಿಯಲ್ಲಿ ಎಲ್ಲವೂ ಸಿಗುತ್ತದೆ. ನಿಮ್ಮ ದಾರಿ ಬೆಳಗಾವಿಯಲ್ಲೇ ಮುಗಿಯುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಸೈಕಲ್ ಕೊಳ್ಳುವ ಮೊದಲು ಆ ಅಂಕಿ ಬರೆದುಕೊಂಡು ದಿನಾ ಹಾಯುವ ದಾರಿಯ ಪಂಕ್ಚರ್ ಅಂಗಡಿಯಲ್ಲಿ ಒಂದು ಮಾತು ಕೇಳಿ. ಆಗುವುದಿಲ್ಲ ಅಂದರೆ ಹೆದರಬೇಕಿಲ್ಲ. ಒಂದು ಟ್ಯೂಬು, ತೇಪೆ, ಪುಟ್ಟ ಪಂಪು ನಿಮ್ಮ ಚೀಲದಲ್ಲೇ ಇರಬೇಕು, ಅಷ್ಟೇ. ಪ್ರೆಸ್ಟಾ ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಟೋಪಿಯೊಂದು ಬರುತ್ತದೆ. ಅದಿದ್ದರೆ ಮೋಟರ್ ಸೈಕಲ್‌ಗೆ ಗಾಳಿ ಹಾಕುವ ಯಾವ ಅಂಗಡಿಯಲ್ಲೂ ಕೆಲಸವಾಗುತ್ತದೆ. ಕಡಲೆಕಾಳಿಗಿಂತ ತುಸು ದೊಡ್ಡದಿರುವ ಆ ಟೋಪಿ ನನ್ನ ಕಿಸೆಯಲ್ಲಿರಲಿಲ್ಲ.

5. ಐವತ್ತೆರಡಕ್ಕೆ ಬಾಗುವ ಮೊದಲು ಬೆನ್ನನ್ನು ಕೇಳಿ

ಉತ್ತರ ಕರ್ನಾಟಕದಲ್ಲಿ ಸೈಕಲ್ ರೇಸಿನ ಗಾಳಿ ಹಳೆಯದು. ವಿಜಯಪುರ, ಬಾಗಲಕೋಟೆಯ ಹುಡುಗರು, ನಮ್ಮ ಜಿಲ್ಲೆಯ ಚಂದರಗಿ ಕ್ರೀಡಾಶಾಲೆಯ ಮಕ್ಕಳು ಡಾಂಬರಿಗೆ ಎದೆ ತಾಗುವಂತೆ ಬಾಗಿ ಹಾರಿಹೋಗುವುದನ್ನು ಒಮ್ಮೆ ನೋಡಿದರೆ ಮರೆಯಲಾಗದು. ನಾನು ನೋಡಿದೆ. 2016ರಲ್ಲಿ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲಿನ ರೋಡ್ ಸೈಕಲ್ ಕೊಂಡೆ.

25 ಮಿಲಿಮೀಟರ್ ಟಾಯರು, ಅದಕ್ಕೆ 90 ಪೌಂಡಿನ ಮೇಲೆ ಗಾಳಿ. ದಾರಿಯಲ್ಲಿನ ಪ್ರತಿ ಹರಳು ನೇರ ಹಲ್ಲಿಗೆ ಬಂದು ತಾಗುತ್ತಿತ್ತು. ಬಾಗಿದಾಗ ಮುಂದಿನ ಗಾಲಿ ಮಾತ್ರ ಕಾಣುತ್ತಿತ್ತು. ಎದುರಿನ ಬಸ್ಸು ನೋಡಲು ಕತ್ತು ಎತ್ತಿದರೆ ಕತ್ತು ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಪೇಪರ್ ಕಟ್ಟಿಗೆ ಕ್ಯಾರಿಯರ್ ಇಲ್ಲ, ಕೂರಿಸೋಣವೆಂದರೆ ಫ್ರೇಮಿನಲ್ಲಿ ಅದಕ್ಕೆ ತೂತೇ ಇಲ್ಲ. ನಾಲ್ಕನೆಯ ತಿಂಗಳಿಗೆ ಅರ್ಧ ಬೆಲೆಗೆ ಒಬ್ಬ ಕಾಲೇಜು ಹುಡುಗನಿಗೆ ಕೊಟ್ಟೆ. ಆ ಸೈಕಲ್ ಕೆಟ್ಟದ್ದಲ್ಲ. ಅವನ ಕೆಳಗೆ ಅದು ಓಡುವುದನ್ನು ನೋಡಿದಾಗ ಅದಕ್ಕೂ ನಿರಾಳವಾಗಿದೆ ಅನಿಸಿತು.

6. ಗೇರು ಎಣಿಸಬೇಡಿ, ಹಲ್ಲು ಎಣಿಸಿ

ಅದೇ ರೋಡ್ ಸೈಕಲ್ ಮೇಲೆ ಒಮ್ಮೆ ಯಳ್ಳೂರಿನ ರಾಜಹಂಸಗಡ ಹತ್ತಲು ಹೋಗಿದ್ದೆ. ಬೆಳಗಾವಿಯ ಸೈಕಲ್ ಹುಚ್ಚರಿಗೆ ಆ ಕೋಟೆಯ ಏರು ಒಂದು ಪರೀಕ್ಷೆ. ಅರ್ಧಕ್ಕೇ ಇಳಿದು ನೂಕತೊಡಗಿದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಣ್ಣುಮಗಳು ಪಕ್ಕದಲ್ಲೇ ಹಾದು ಮುಂದೆ ಹೋದಳು. ತಿರುಗಿ ಕೂಡ ನೋಡಲಿಲ್ಲ.

"ಎಷ್ಟು ಗೇರ್ ಐತ್ರಿ?" ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳುತ್ತಿದ್ದೆ. 21 ಅಂದರೆ 18ಕ್ಕಿಂತ ಮೂರು ಹೆಚ್ಚು ಲಾಭ ಎಂಬ ಕಿರಾಣಿ ಲೆಕ್ಕ. ಕೇಳಬೇಕಾದದ್ದು ಬೇರೆ: ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ? ಕಡಿಮೆ ಹೋದಷ್ಟೂ ಏರು ಸಲೀಸು. ಕರಿಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದೆ 18 ಇದ್ದರೆ, ಒಂದು ತುಳಿತಕ್ಕೆ ಗಾಲಿ ಸುಮಾರು ಎರಡೂವರೆ ಸುತ್ತು. ಐದೂ ಕಾಲು, ಐದೂವರೆ ಮೀಟರ್. ನನ್ನ ರೋಡ್ ಸೈಕಲ್ಲಿನ ಹಗುರ ಗೇರು 39ಕ್ಕೆ 25. ಮೂರು ಮೀಟರಿಗೂ ಮೇಲೆ. ಹೈಬ್ರಿಡ್‌ನಲ್ಲಿ ಮುಂದೆ 28, ಹಿಂದೆ 28. ಒಂದು ತುಳಿತ, ಒಂದು ಸುತ್ತು, ಎರಡು ಮೀಟರ್ ಚಿಲ್ಲರೆ. ಅದರ ಮೇಲೆ ಹೋದರೆ ಅದೇ ರಾಜಹಂಸಗಡ ಹತ್ತಲು ಬಂತು. ಏದುಸಿರು ಬಿಟ್ಟೆ, ಇಳಿಯಲಿಲ್ಲ.

ಆದರೆ ಇದನ್ನು ಕಲಿತ ಹುಮ್ಮಸ್ಸಿನಲ್ಲಿ ನಮ್ಮ ಶಾಲೆಯ ತರುಣ ಗಣಿತ ಮಾಸ್ತರರಿಗೂ 21 ಗೇರಿನದ್ದೇ ಕೊಡಿಸಿದೆ. ಅವರ ಓಡಾಟವೆಲ್ಲ ಟಿಳಕವಾಡಿಯಿಂದ ಕ್ಯಾಂಪಿಗೆ. ಇಪ್ಪತ್ತೊಂದರಲ್ಲಿ ಎರಡು ಬಳಸಿದರು. ಉಳಿದವು ಮಳೆಯಲ್ಲಿ ತುಕ್ಕು ಹಿಡಿದವು, ಚೈನು ವಾರಕ್ಕೊಮ್ಮೆ ಬೀಳತೊಡಗಿತು. ಒಂದು ಚಕ್ರ ಮುಂದೆ, ಒಂದು ಹಿಂದೆ, ಅಷ್ಟೇ ಇರುವ ಸೈಕಲ್ ಅವರಿಗೆ ಧಾರಾಳ ಸಾಕಾಗಿತ್ತು. ಪಾಪ, ಏನೂ ಅನ್ನಲಿಲ್ಲ.

7. ಜುಲೈ ತಿಂಗಳಲ್ಲಿ ಇದು ಹೇಗಿರುತ್ತದೆ?

ಅಂಗಡಿಯಲ್ಲಿ ಎಲ್ಲ ಸೈಕಲ್ಲೂ ಒಣಗಿರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ್ದು ಏನೂ ಇರುವುದಿಲ್ಲ. ನೋಡಲು ಚಂದವೆಂದು ನನ್ನ ಹೈಬ್ರಿಡ್‌ಗೆ ಮಡ್‌ಗಾರ್ಡ್ ಹಾಕಿಸಿರಲಿಲ್ಲ. ಒಂದು ದಿನ ಬೋರ್ಡಿನ ಕಡೆ ತಿರುಗಿದಾಗ ತರಗತಿ ಹೋ ಎಂದಿತು. ಬಿಳಿ ಅಂಗಿಯ ಬೆನ್ನಿನ ಮೇಲೆ ಕಾಲರಿನವರೆಗೂ ಕೆಸರಿನ ಒಂದು ಗೆರೆ. ಅವತ್ತೇ ಹಾಕಿಸಿದೆ. ರಿಮ್ಮನ್ನು ಹಿಡಿಯುವ ಬ್ರೇಕು ನೀರಿನಲ್ಲಿ ತಡವಾಗಿ ಹಿಡಿಯುತ್ತದೆ, ಕೆಮ್ಮಣ್ಣು ಸೇರಿದರೆ ರಬ್ಬರನ್ನೂ ರಿಮ್ಮನ್ನೂ ಅರೆಯುತ್ತದೆ. ದಿನಾ ಮಳೆಯಲ್ಲಿ ಹೋಗುವವರಿಗೆ ಡಿಸ್ಕ್ ಬ್ರೇಕ್ ಶೋಕಿಯಲ್ಲ. ಎರೆ ಹೊಲದ ಕಡೆಯವರಿಗೆ ಮಾತ್ರ ಎದುರು ಸಲಹೆ: ಮಡ್‌ಗಾರ್ಡ್ ಟಾಯರಿಗೆ ತೀರ ಹತ್ತಿರ ಇರಬಾರದು, ಎರೆ ಅಂಟಿ ಗಾಲಿಯೇ ನಿಂತುಬಿಡುತ್ತದೆ.

8. ರಾತ್ರಿ ಅದು ಎಲ್ಲಿ ಮಲಗುತ್ತದೆ ಎಂದು ಕೇಳಿ

ನಿವೃತ್ತರಾದ ಒಬ್ಬ ಸಹೋದ್ಯೋಗಿಗೆ ಮೊಣಕಾಲು ನೋವು. ಬ್ಯಾಟರಿ ಸೈಕಲ್ ತೆಗೆದುಕೊಳ್ಳಿ ಎಂದೆ. ಮೋಟರು 250 ವ್ಯಾಟ್ ಮೀರದೆ, ವೇಗ 25 ಕಿಲೋಮೀಟರ್ ದಾಟದೆ ಇದ್ದರೆ ಲೈಸೆನ್ಸ್ ಬೇಡ, ನೋಂದಣಿ ಬೇಡ. ತುಳಿದಾಗ ಹಿಂದಿನಿಂದ ಯಾರೋ ನೂಕಿದ ಹಾಗೆ ಹೋಗುತ್ತದೆ ಎಂದೆಲ್ಲ ಹೇಳಿದೆ. ಎಲ್ಲ ನಿಜವೇ. ಅವರು ಮೂರನೆಯ ಮಹಡಿಯಲ್ಲಿರುತ್ತಾರೆ, ಲಿಫ್ಟ್ ಇಲ್ಲ, ಕೆಳಗೆ ಪ್ಲಗ್ ಇಲ್ಲ ಎಂಬುದನ್ನು ಕೇಳಲಿಲ್ಲ. ಅವರು ತಂದ ಮಾಡೆಲ್ಲಿನ ಬ್ಯಾಟರಿ ಬಿಚ್ಚಿ ಒಯ್ಯುವಂಥದ್ದೂ ಅಲ್ಲ. ಇಪ್ಪತ್ತೆರಡು ಕಿಲೋದ ಸೈಕಲ್ಲನ್ನು ಮೊಣಕಾಲು ನೋವಿನ ಮನುಷ್ಯ ಮೂರು ಮಹಡಿ ಹೊತ್ತು ಚಾರ್ಜಿಗೆ ಇಡಬೇಕಾಯಿತು. ಈಗ ಅದು ಅವರ ಮೊಮ್ಮಗನ ಬಳಿ ಧಾರವಾಡದಲ್ಲಿದೆ. ನನಗೆ ಅವರ ಮನೆಯಲ್ಲಿ ಚಹಾ ಇನ್ನೂ ಸಿಗುತ್ತದೆ, ಸಕ್ಕರೆ ಸ್ವಲ್ಪ ಕಡಿಮೆ.

9. ತುಳಿಯುವವರು ಅಂಗಡಿಗೆ ಬರಬೇಕು

ಇದನ್ನು ಬರೆಯಲು ಹೆಂಡತಿಯ ಅಪ್ಪಣೆ ಪಡೆದಿದ್ದೇನೆ. 2018ರಲ್ಲಿ ಅವಳಿಗೆ ಹೇಳದೆ, ಹುಟ್ಟಿದ ದಿನಕ್ಕೆಂದು ಏಳು ಗೇರಿನ ಒಂದು ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿದೆ. ಅವಳು ಸೈಕಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಛಲೋ ಐತ್ರಿ. ಸೀರಿ ಉಟ್ಟು ಈ ದಂಡ ಹ್ಯಾಂಗ ದಾಟೂದು?" ಎಂದಳು. "ಕಾಯಿಪಲ್ಯ ಎಲ್ಲಿಡೂದು?" ಎಂದಳು. "ನಿಲ್ಲಿಸಾಕ ಸ್ಟ್ಯಾಂಡ್ ಎಲ್ಲೈತಿ?" ಎಂದಳು. ಗೋಡೆಗೆ ಒರಗಿ ನಿಂತದ್ದು ಎರಡು ವರ್ಷ ಹಾಗೆಯೇ ನಿಂತಿತ್ತು. ಆಮೇಲೆ ಅದನ್ನು ನಾನೇ ಮಾರಿದೆ.

ಅವಳು ತನ್ನಷ್ಟಕ್ಕೆ ಒಂದು ದಿನ ಓಣಿಯ ಗೆಳತಿಯ ಜೊತೆ ಹೋಗಿ ಒಂದನ್ನು ತಂದಳು. ದಂಡ ಕೆಳಗೆ ಬಾಗಿದ, ಗೇರಿಲ್ಲದ ಸೈಕಲ್. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಚೈನಿಗೆ ಪೂರಾ ಕವರ್, ಸೀರೆ ಸಿಗದ ಹಾಗೆ ಗಾಲಿಗೆ ಜಾಲರಿ, ಎರಡು ಕಾಲಿನ ಸ್ಟ್ಯಾಂಡು. ಟಾಯರು 26 × 1⅜. ಓಣಿಯ ಮೂಲೆಯ ಅಂಗಡಿಯಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಮೂರು ಸೈಕಲ್ ಹತ್ತಿ, ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಬುಟ್ಟಿಯಲ್ಲಿ ತನ್ನ ಪರ್ಸು, ನೀರಿನ ಬಾಟಲಿ ಇಟ್ಟು ನೋಡಿ ಆರಿಸಿದಳಂತೆ. ನಾನು ಆರರಲ್ಲಿ ಒಂದನ್ನೂ ಹಾಗೆ ಹತ್ತಿ ನೋಡಿ ಕೊಂಡವನಲ್ಲ. ಇದನ್ನೂ ಆ ಆರರ ಲೆಕ್ಕಕ್ಕೆ ಸೇರಿಸಿಕೊಂಡದ್ದು, ದುಡ್ಡು ನನ್ನ ಪಗಾರದಿಂದ ಹೋಯಿತೆಂಬ ಒಂದೇ ಹಕ್ಕಿನಿಂದ.

ಹೈಬ್ರಿಡ್ ಇನ್ನೂ ಇದೆ; ರವಿವಾರ ಮನಸ್ಸು ಬಂದರೆ ಕಿಣಯೆಯವರೆಗೆ ಹೋಗಿ ಬರುತ್ತೇನೆ. ಉಳಿದ ದಿನ ಹಾಲಿಗೆ, ಔಷಧಕ್ಕೆ, ಹಿಟ್ಟಿನ ಗಿರಣಿಗೆ ಅವಳ ಸೈಕಲ್ಲೇ. ಸೀಟು ನನಗೆ ಒಂದು ಇಂಚು ಗಿಡ್ಡ. ಏರಿಸಿದರೆ ಬಂದ ಮೇಲೆ ಇಳಿಸಿಡಬೇಕು, ಅದಕ್ಕೆ ಹಾಗೆಯೇ ತುಳಿಯುತ್ತೇನೆ. ಕೀಲಿ ಅಡುಗೆಮನೆಯ ಮೊಳೆಗೆ ತೂಗಿರುತ್ತದೆ. ಕೇಳಿ ತೆಗೆದುಕೊಂಡು ಹೋಗಬೇಕು.